ಒಂದನೆಯ ಜಾಗ

ಗುದ್ದಲಿ ಠಣ್ಣೆಂದಿತು. ಮೇಸ್ತ್ರಿ ಗುಂಡಿಯೊಳಗಿಂದ ತಲೆಯೆತ್ತಿ, “ಪೈಪು” ಎಂದ.

ಅಂಚಿನಲ್ಲಿ ನಿಂತಿದ್ದ ಚಿಕ್ಕ ಮದರ್ ಬಗ್ಗಿ ನೋಡಿದರು. “ಯಾವ ಪೈಪು?”

“ಒಗೆಯೋ ಮನೆಗೆ, ಅಡಿಗೆಮನೆಗೆ, ಎಲ್ಲಕ್ಕೂ ನೀರು ಹೋಗೋದು. ಇರೋದೇ ಇದೊಂದು.”

“ಪಕ್ಕಕ್ಕೆ ಸರಿಸು.”

“ಪೈಪೇನು ಬೆಂಚಾ, ಸರ್ಸೋಕೆ? ಗುಂಡೀನೇ ಸರ್ಸೋಣ. ಆ ಕಡೆ ಬೇಕಾದಷ್ಟು ಜಾಗ ಬಿದ್ದಿದೆ.”

ಜಾಗವೇನೋ ಬಿದ್ದಿತ್ತು. ಆದರೆ ಅದು ನಲವತ್ತಮೂರನೆಯದು. ಈ ಕಾನ್ವೆಂಟಿನಲ್ಲಿ ಸಿಸ್ಟರ್‌ಗಳು ಸಾಯುವುದು ದೇವರ ಇಷ್ಟದಂತೆ, ಮಣ್ಣಾಗುವುದು ಸೇರಿದ ಕ್ರಮದಂತೆ. ಎರಡನೆಯವಳು ಎರಡನೆಯ ಜಾಗದಲ್ಲಿ, ಏಳನೆಯವಳು ಏಳನೆಯದರಲ್ಲಿ. ಒಂದನೆಯದು ಮಾತ್ರ ಐವತ್ತನಾಲ್ಕು ವರ್ಷದಿಂದ ಖಾಲಿ. ಅದರ ಒಡತಿ, ಈ ಸಂಘವನ್ನು ಕಟ್ಟಿದ ದೊಡ್ಡ ಮದರ್, ಎಂಬತ್ತನಾಲ್ಕು ತುಂಬಿ ನಿನ್ನೆ ತೀರಿಕೊಂಡಿದ್ದರು. ಅವರ ಕೋಣೆಗಿದ್ದ ಒಂದೇ ಕಿಟಕಿ ತೆರೆಯುತ್ತಿದ್ದದ್ದೂ ಈ ಖಾಲಿ ಜಾಗಕ್ಕೇ.

“ನಾಲ್ಕು ಗಂಟೆಗೆ ಫಾದರ್ ಬರ್ತಾರೆ. ಅಲ್ಲಿವರೆಗೆ ಕೈ ಹಚ್ಚಬೇಡ” ಎಂದು, ಇಂದಿನಿಂದ ಸಂಘದ ಮುಖ್ಯಸ್ಥೆಯಾದ ಚಿಕ್ಕ ಮದರ್ ಒಳಗೆ ಹೊರಟರು. ಭೇಟಿ ಕೋಣೆಯಲ್ಲಿ ದೊಡ್ಡ ಮದರ್ ತಂಗಿ ಕಾಯುತ್ತಿದ್ದಾಳೆಂದು ಬಾಗಿಲ ಸಿಸ್ಟರ್ ಎರಡು ಸಲ ಬಂದು ಹೇಳಿದ್ದಳು.

ತಂಗಿಗೆ ಎಪ್ಪತ್ತಾರು. ದರ್ಜಿ ಕೆಲಸ ಮಾಡಿ ಸವೆದ ಬೆರಳು. ಚಿಕ್ಕ ಮದರ್ ತೊಟ್ಟಿದ್ದ ಮೇಲಂಗಿಯ ಹೊಲಿಗೆಯನ್ನು ಅವಳು ಒಂದು ಸಲ ನೋಡಿ, ಅದರ ಬಗ್ಗೆ ಏನೂ ಹೇಳಬಾರದೆಂದು ತೀರ್ಮಾನಿಸಿದಂತಿತ್ತು.

“ವ್ಯಾನು ತಂದಿದೀನಿ. ಅಕ್ಕನ್ನ ಕರ್ಕೊಂಡು ಹೋಗ್ತೀನಿ.”

“ಎಲ್ಲಿಗಮ್ಮಾ?”

“ಅಮ್ಮನ ಪಕ್ಕಕ್ಕೆ. ನನಗೇನು ಹುಚ್ಚು ಹಿಡಿದಿಲ್ಲ, ಕಾಗದ ಇದೆ. ಹನ್ನೊಂದು ವರ್ಷದಿಂದ ಪೆಟ್ಟಿಗೇಲಿಟ್ಟು ಕಾದಿದೀನಿ.”

ಕಾಗದದಲ್ಲಿದ್ದದ್ದು ಎರಡೇ ಸಾಲು. *ನನ್ನನ್ನು ಅಮ್ಮನ ಪಕ್ಕದಲ್ಲಿ ಮಣ್ಣು ಮಾಡುವುದು. ಇದು ನನ್ನ ಸ್ವಂತ ಇಷ್ಟ.* ಕೆಳಗೆ ದೊಡ್ಡ ಮದರ್ ರುಜು, ಸಂಘದ ಮೊಹರು.

ಚಿಕ್ಕ ಮದರ್ ಅದನ್ನು ಓದಿ, ಮಡಿಚಿ, ಮತ್ತೆ ಬಿಡಿಸಿ ಓದಿದರು.

*

ದೊಡ್ಡ ಮದರ್‌ಗೆ ಆಗ ಇಪ್ಪತ್ತೆಂಟು. ಆಸ್ಪತ್ರೆಯಲ್ಲಿ ರಕ್ತ, ಕೀವು ಹತ್ತಿದ ಹಾಸಿಗೆ ಬಟ್ಟೆಗಳನ್ನು ಯಾರೂ ಮುಟ್ಟುತ್ತಿರಲಿಲ್ಲ. ನಾಲ್ವರು ಹುಡುಗಿಯರನ್ನು ಸೇರಿಸಿಕೊಂಡು ಒಗೆಯಲು ಕೂತರು. ಬಿಷಪ್ಪರು ಬಂದು ನೋಡಿ ಮೆಚ್ಚಿ, “ಸಂಘ ಅಂದ್ಮೇಲೆ ನಿಯಮ ಬೇಕಲ್ಲ?” ಎಂದರು. ಒಂದು ವಾರದಲ್ಲಿ ಮೂವತ್ತು ನಿಯಮಗಳಾದವು. ಹೆಚ್ಚಿನವು ಸೋಪಿನ ಬಗ್ಗೆ.

ಮೂವತ್ತೊಂದನೆಯದು ಎರಡು ವರ್ಷದ ನಂತರ ಬಂತು. ಎರಡನೆಯ ಸಿಸ್ಟರ್ ಜ್ವರದಲ್ಲಿ ಹೋದಳು, ಇಪ್ಪತ್ತೆರಡು ವರ್ಷ. ಅವಳ ಅಪ್ಪ ಗಾಡಿ ಕಟ್ಟಿಕೊಂಡು ಬಂದ. “ಬದುಕಿದ್ದಾಗ ನಿಮಗೆ ಕೊಟ್ಟೆ. ಹೆಣಾನಾದರೂ ನಂಗೆ ಕೊಡಿ, ತಾಯಿ.”

ಅವನ ಹಿಂದೆ ಉಳಿದ ಮೂವರ ಅಪ್ಪಂದಿರೂ ನಿಂತಿದ್ದರು, ಸುಮ್ಮನೆ. ಸತ್ತವಳನ್ನು ಬಿಟ್ಟರೆ ನಾಳೆ ಬದುಕಿದ್ದವರನ್ನೂ ಕೇಳುತ್ತಾರೆ ಎಂದು ದೊಡ್ಡ ಮದರ್‌ಗೆ ಹೊಳೆಯಿತು. ಗೇಟು ಹಾಕಿಸಿದರು. ಅದೇ ಮಧ್ಯಾಹ್ನ ಬರೆದರು: *ಒಳಗೆ ಬಂದವಳು ಹೊರಗೆ ಹೋಗತಕ್ಕದ್ದಲ್ಲ, ಸತ್ತ ಮೇಲೂ. ಇದನ್ನು ತೆಗೆಯಬೇಕಾದರೆ ಎಲ್ಲರೂ ಒಪ್ಪತಕ್ಕದ್ದು.* ಅಕ್ಷರಗಳು ಮುತ್ತಿನಂತಿದ್ದವು.

*

ಇಪ್ಪತ್ತು ವರ್ಷ ಕಳೆದು, ಅವರದೇ ತಾಯಿ ಹಾಸಿಗೆ ಹಿಡಿದರು. ತಂಗಿ ಹೇಳಿ ಕಳಿಸಿದಳು: ಇನ್ನು ವಾರವೋ, ಹತ್ತು ದಿನವೋ.

ದೊಡ್ಡ ಮದರ್ ಎಲ್ಲರನ್ನೂ ಊಟದ ಮನೆಯಲ್ಲಿ ಕೂರಿಸಿದರು. “ಮೂವತ್ತೊಂದನೇ ನಿಯಮ ತೆಗೆದು ಹಾಕೋಣ ಅಂತಿದೀನಿ. ಒಪ್ಪಿದವರು ಕೈ ಎತ್ತಿ.”

ಒಂದು ಕೈಯೂ ಏಳಲಿಲ್ಲ. ಆಗಿನ್ನೂ ಇಪ್ಪತ್ತಾರರ ಚಿಕ್ಕ ಮದರ್ ಎದ್ದು ನಿಂತು, ಕಣ್ಣಲ್ಲಿ ನೀರು ತುಂಬಿಕೊಂಡು ಹೇಳಿದಳು: “ನೀವು ನಮ್ಮನ್ನ ಪರೀಕ್ಷೆ ಮಾಡ್ತಿದೀರಿ, ಮದರ್. ನಾವು ಸೋಲಲ್ಲ.”

ಚಪ್ಪಾಳೆ ಬಿತ್ತು. ದೊಡ್ಡ ಮದರ್ ಎಲ್ಲರ ಮುಖವನ್ನೂ ಒಂದೊಂದಾಗಿ ನೋಡಿದರು. ಎಲ್ಲವೂ ಬೆಳಗುತ್ತಿದ್ದವು. ಅವನ್ನು ಆರಿಸುವುದು ಅವರಿಂದಾಗಲಿಲ್ಲ. “ಸರಿ, ಪಾಸಾದಿರಿ” ಎಂದು ಹೇಳಿ ಬಟ್ಟೆ ಹಿಂಡಲು ಹೋದರು. ಒಂಬತ್ತನೆಯ ದಿನ ತಾಯಿ ತೀರಿಕೊಂಡರು.

*

“ಇದೂ ಪರೀಕ್ಷೆನೇ” ಎಂದರು ಚಿಕ್ಕ ಮದರ್, ಕಾಗದವನ್ನು ಮೇಜಿನ ಮೇಲಿಟ್ಟು. “ಕೊನೇದು.”

“ಪರೀಕ್ಷೆನಾ? ಅಕ್ಕ ಸತ್ತಿದಾಳೆ ಕಣಮ್ಮಾ. ಪೇಪರ್ ತಿದ್ದೋರು ಯಾರು?”

ಚಿಕ್ಕ ಮದರ್ ಕಾಗದದ ಮಡಿಕೆಯನ್ನು ಬೆರಳಿನಿಂದ ತೀಡಿದರು. ಆಮೇಲೆ ತಗ್ಗಿದ ದನಿಯಲ್ಲಿ, “ನಮ್ಮಪ್ಪ ಹೋದಾಗ ನಾನು ಹೋಗ್ಲಿಲ್ಲ” ಎಂದರು. “ಅಣ್ಣ ಹೋದಾಗ್ಲೂ ಹೋಗ್ಲಿಲ್ಲ. ಈಗ ಇವರೇ ಹೋಗಿಬಿಟ್ರೆ, ನಾನು ಹೋಗದೇ ಇದ್ದದ್ದು ಯಾತಕ್ಕೆ? ಹೇಳಿ.”

ತಂಗಿ ಕಾಗದವನ್ನು ತನ್ನ ಕಡೆಗೆ ಎಳೆದುಕೊಂಡಳು.

ಅಷ್ಟರಲ್ಲಿ ಮೇಸ್ತ್ರಿ ಬಾಗಿಲಲ್ಲಿ ನಿಂತು ಕೆಮ್ಮಿದ. “ಪೈಪಿನ ವಿಷಯ, ಸಿಸ್ಟರ್. ಹಾಕಿದೋನು ನಾನೇ. ಹನ್ನೊಂದು ವರ್ಷ ಆಯ್ತು. ಬೇಲಿ ಪಕ್ಕ ಹಾಕಿದ್ರೆ ಅರ್ಧ ಖರ್ಚು ಅಂದೆ. ದೊಡ್ಡ ಮದರ್ ಖುದ್ದಾಗಿ ಬಂದು ನಿಂತು, ಅದೇ ಜಾಗದಲ್ಲೇ ಹಾಕ್ಸಿದ್ರು. ಎರಡು ಸಲ ಕೇಳಿದ್ರು, ‘ಮುಂದೆ ಇಲ್ಲಿ ಯಾರೂ ಅಗಿಯೋಕಾಗಲ್ಲ ತಾನೇ?’ ಅಂತ. ಆಗಲ್ಲ ಅಂದೆ. ನಕ್ಕರು. ಅವರು ನಕ್ಕಿದ್ದು ನಾನು ನೋಡಿದ್ದು ಅದೊಂದೇ ಸಲ.”

ತಂಗಿ ಮುಖಕ್ಕೆ ಸೆರಗು ಹಿಡಿದಳು. ಅಳುತ್ತಿದ್ದಾಳೋ ನಗುತ್ತಿದ್ದಾಳೋ ತಿಳಿಯುವಂತಿರಲಿಲ್ಲ. “ಕಳ್ಳಿ” ಎಂದಳು. “ಚಿಕ್ಕವಳಿದ್ದಾಗ್ಲೂ ಹೀಗೇ.”

ಚಿಕ್ಕ ಮದರ್ ಮುಖದ ಬಣ್ಣ ಹೋಗಿತ್ತು. ಕಾಗದ ಪರೀಕ್ಷೆಯಲ್ಲವೆಂದು ಅವರಿಗೆ ಅರ್ಥವಾಗಿತ್ತು, ಅರ್ಥವಾಗಬಾರದಿತ್ತೆಂಬುದೂ ಅರ್ಥವಾಗಿತ್ತು.

“ಪೈಪು ಕತ್ತರಿಸು” ಎಂದರು.

“ಎರಡು ದಿನ ನೀರಿರಲ್ಲ, ಸಿಸ್ಟರ್. ಕುಡಿಯೋಕೂ.”

“ಕತ್ತರಿಸು.”

*

ನಾಲ್ಕು ಗಂಟೆಗೆ ಎಲ್ಲವೂ ನಿಯಮದಂತೆ ನಡೆಯಿತು. ಕತ್ತರಿಸಿದ ಪೈಪಿನಿಂದ ಸೋರಿದ ನೀರಿಗೆ ಗುಂಡಿ ಕೆಸರಾಗಿತ್ತು. ಶವಪೆಟ್ಟಿಗೆ ಇಳಿಯಲು ಒಪ್ಪದೆ ಒಂದು ಕಡೆ ತೇಲಿದಂತಾಯಿತು. ಮೇಸ್ತ್ರಿ ಕಾಲಿನಿಂದ ಒತ್ತಿ ಹಿಡಿದ. ಫಾದರ್ ಪ್ರಾರ್ಥನೆಯನ್ನು ಚುಟುಕುಗೊಳಿಸಿದರು. ಸಾಲಾಗಿ ಬಂದ ಸಿಸ್ಟರ್‌ಗಳು ಹಿಡಿ ಮಣ್ಣು ಹಾಕಿದರು. ಮಣ್ಣು ಕೈಬಿಡಲಿಲ್ಲ, ಅಂಟಿಕೊಂಡಿತು. ಒಗೆಯುವ ಮನೆಯಲ್ಲಿ ಆಸ್ಪತ್ರೆಯ ಇನ್ನೂರು ಹೊದಿಕೆಗಳು ಒಣಗಿದ ಸೋಪಿನಲ್ಲಿ ರಾಶಿ ಬಿದ್ದಿದ್ದವು. ಯಾವ ನಲ್ಲಿ ತಿರುಗಿಸಿದರೂ ಬುಸ್ಸೆಂದು ಗಾಳಿ.

ತಂಗಿ ಗೇಟು ದಾಟಿದಳು. ಖಾಲಿ ವ್ಯಾನಿನ ಡ್ರೈವರ್ ಬೀಡಿ ಆರಿಸಿದ. ರಸ್ತೆಯಾಚೆ, ಹತ್ತು ಹೆಜ್ಜೆ ದೂರದಲ್ಲಿ, ಬೀದಿ ನಲ್ಲಿ ಧಾರಾಳವಾಗಿ ಸುರಿಯುತ್ತಿತ್ತು. ತಂಗಿ ಅಲ್ಲಿ ಕೈ ತೊಳೆದು ತಿರುಗಿದಾಗ, ಬಾಗಿಲ ಸಿಸ್ಟರ್ ಬೀಗ ಹಾಕಿ ಅಲ್ಲೇ ನಿಂತು, ಕೆಸರು ಹತ್ತಿದ ಕೈಗಳನ್ನು ಮೈಗೆ ತಾಗದಂತೆ ದೂರ ಹಿಡಿದಿದ್ದಳು.

“ಬರಬಾರದಾ ಇತ್ಲಾಗೆ? ಹತ್ತು ಹೆಜ್ಜೆ.”

ಬಾಗಿಲ ಸಿಸ್ಟರ್ ಆಗದೆಂದು ತಲೆಯಾಡಿಸಿದಳು.

“ಚೊಂಬು ಇದೆಯಾ?”

ಚೊಂಬು ಸರಳುಗಳ ನಡುವೆ ಹೊರಗೆ ಬಂತು. ತಂಗಿ ತುಂಬಿಸಿ ತಂದು, “ಚಾಚು” ಎಂದಳು. ಎರಡು ಕೈಗಳು ಮಣಿಕಟ್ಟಿನವರೆಗೆ ಹೊರಗೆ ಬಂದವು. ಹುಯ್ದಳು. ತಿರುಗಿ ಬರುವಷ್ಟರಲ್ಲಿ ಬೇರೆ ಕೈಗಳಿದ್ದವು. ಆಮೇಲೆ ಇನ್ನೂ ಬೇರೆ. ಸೋಪಿಗೆ ಸೀಳಿದ ಕೈಗಳು, ಮುದಿ ಕೈಗಳು, ಇನ್ನೂ ಮೆತ್ತಗಿದ್ದ ಒಂದು ಜೊತೆ. ತಂಗಿ ಯಾರ ಮುಖವನ್ನೂ ನೋಡಲಿಲ್ಲ. ರಸ್ತೆ ದಾಟಿ ದಾಟಿ ನೀರು ತಂದಳು.

ಕೊನೆಗೆ ಬಂದ ಕೈಗಳು ಮೊಣಕೈವರೆಗೂ ಕೆಸರಾಗಿದ್ದವು. ಬೆರಳಲ್ಲಿ ಮುಖ್ಯಸ್ಥೆಯ ಉಂಗುರವಿತ್ತು, ಇವತ್ತೇ ತೊಟ್ಟದ್ದು, ಒಂದಿಷ್ಟು ಸಡಿಲ. ತಂಗಿ ಒಂದು ಕ್ಷಣ ನಿಂತು, ಚೊಂಬು ಬಗ್ಗಿಸಿದಳು. ಎರಡು ಸಲ, ಮೂರು ಸಲ. ಕೆಸರೆಲ್ಲ ಹೋಯಿತು.

ತೊಳೆದಾದ ಮೇಲೂ ಆ ಕೈಗಳು ಒಳಗೆ ಹೋಗಲಿಲ್ಲ.