ದೊಡ್ಡವ್ವನ ಗದ್ದುಗೆಯ ದೀಪ

ಶಿರಂಗಾಲದಿಂದ ಹೊಳೆಗೆ ಇಳಿಯುವ ದಾರಿಯಲ್ಲಿ, ಹೊಂಗೆಮರದ ಬುಡದಲ್ಲಿ, ಮೊಣಕಾಲೆತ್ತರದ ಒಂದು ಸಮಾಧಿ ಗದ್ದುಗೆ ಇತ್ತು. ಅದರೊಳಗೆ ಕೂತಿದ್ದುದು ಒಂದು ರೇಡಿಯೋ ಬ್ಯಾಟರಿ. ಊರಲ್ಲಿ ಇದು ಯಾರಿಗೂ ಗುಟ್ಟಲ್ಲ, ಯಾರಿಗೂ ನಗುವ ಮಾತೂ ಅಲ್ಲ.

ಕೊಡಗು ಮೈಸೂರು ರಾಜ್ಯಕ್ಕೆ ಸೇರಿದ ಮರುವರ್ಷ ಪಂಚಾಯ್ತಿಗೆ ರೇಡಿಯೋ ಬಂದಿತ್ತು. ಅದನ್ನು ಒರೆಸುವ, ಕಿವಿ ತಿರುಗಿಸುವ, ಬೀಗ ಹಾಕುವ ಕೆಲಸ ಕಲ್ಲೇಶಪ್ಪನ ಪಾಲಿಗೆ ಬಂತು. ಅಲ್ಲಿಯವರೆಗೆ ಕಲ್ಲೇಶಪ್ಪ ಎಂದರೆ ಕರೆದರೂ ಸರಿ, ಬಿಟ್ಟರೂ ಸರಿ ಎನ್ನುವಂಥ ಮನುಷ್ಯ. ಮದುವೆಮನೆಯ ಪಂಕ್ತಿಯಲ್ಲಿ ಎಲೆ ಮುಗಿದುಹೋಗುತ್ತಿದ್ದುದು ಯಾವಾಗಲೂ ಅವನ ಹತ್ತಿರ ಬಂದಾಗಲೇ. ರೇಡಿಯೋ ಬಂದ ಮೇಲೆ ಜನ ಅವನಿಗೆ ಜಾಗ ಬಿಟ್ಟು ಕೂರಲು ಕಲಿತರು.

ಸೋಮವಾರ ಸಂಜೆ ಬರುತ್ತಿದ್ದ ‘ದೊಡ್ಡವ್ವನ ಜಗಲಿ’ ನಾಟಕವನ್ನು ಊರು ಐದು ವರ್ಷ ತಪ್ಪದೆ ಕೇಳಿತು. ದೊಡ್ಡವ್ವ ಎನ್ನುವ ಮುದುಕಿ ಜಗಲಿಯ ಮೇಲೆ ಕೂತು ಅಡಿಕೆ ಕುಟ್ಟುತ್ತ, ಬಂದವರಿಗೆಲ್ಲ ಬುದ್ಧಿ ಹೇಳುತ್ತಿದ್ದಳು. ಅಷ್ಟೇ ಆಟ. ಆದರೆ ತವರಿಗೆ ಹೊರಟಿದ್ದ ಶಿರಂಗಾಲದ ಎಷ್ಟೋ ಸೊಸೆಯರು ಅವಳ ಮಾತು ಕೇಳಿ ವಾಪಸಾಗಿದ್ದರು, ಎಷ್ಟೋ ಅತ್ತೆಯರು ಬಾಯಿ ಮುಚ್ಚಿದ್ದರು. ಐದನೆಯ ವರ್ಷದ ಕೊನೆಯ ಕಂತಿನಲ್ಲಿ ದೊಡ್ಡವ್ವ ಕಣ್ಣು ಮುಚ್ಚಿದಳು. “ಶಿವಾ” ಎಂದಳು, ಅದೇ ಗಳಿಗೆಗೆ ಬ್ಯಾಟರಿಯೂ ನಿಂತಿತು. ಆಮೇಲೆ ಕಿವಿ ಎಷ್ಟು ತಿರುಗಿಸಿದರೂ ಗೊರಗೊರ ಎನ್ನುವ ಸದ್ದೂ ಇಲ್ಲ.

ಇನ್ನು ಅನುಮಾನವೇನು? ಊರ ಪೂಜೆ ಮಾಡುವ ಅಯ್ನೋರು ಬಂದರು. ಬ್ಯಾಟರಿಗೆ ವಿಭೂತಿ ಹಚ್ಚಿದರು, ಬಿಳಿ ಬಟ್ಟೆ ಸುತ್ತಿದರು, ನಮ್ಮಲ್ಲಿ ಸತ್ತವರನ್ನು ಕೂರಿಸುವ ಹಾಗೆಯೇ ಗುಣಿಯಲ್ಲಿ ನೆಟ್ಟಗೆ ಕೂರಿಸಿದರು. ಪಂಚಾಯ್ತಿ ಹೊಸ ಬ್ಯಾಟರಿ ತರಿಸಲಿಲ್ಲ. ಅವಳಿಲ್ಲದ ಮೇಲೆ ಕೇಳುವುದಾದರೂ ಏನನ್ನು? ರೇಡಿಯೋ ಕಾಯುತ್ತಿದ್ದ ಕಲ್ಲೇಶಪ್ಪ ಗದ್ದುಗೆ ಕಾಯುವವನಾದ. ಪ್ರತಿ ಸೋಮವಾರ ಹೊತ್ತು ಮುಳುಗುವಾಗ ದೀಪ ಹಚ್ಚಿದ. ನೆರೆಮನೆಯ ಮುದ್ದಿಯ ಕಾಯಿಲೆಬಿದ್ದ ಕಂದು ಹಸು ಆ ದೀಪದ ಎಣ್ಣೆ ಹಚ್ಚಿದ ಮೇಲೆ ಎದ್ದು ನಿಂತಿತು ಎಂದು ಸುದ್ದಿಯಾದ ಮೇಲಂತೂ, ಪಂಕ್ತಿಯಲ್ಲಿ ಮೊದಲ ಎಲೆಯೇ ಅವನಿಗೆ ಬೀಳತೊಡಗಿತು.

ಹೀಗಿರಲಾಗಿ ಒಂದು ದಿನ ಮೈಕು ಕಟ್ಟಿದ ಜೀಪು ಧೂಳೆಬ್ಬಿಸಿಕೊಂಡು ಊರೊಳಕ್ಕೆ ಬಂತು.

“ಕೇಳಿ! ಕೇಳಿ! ನಿಮ್ಮ ಮೆಚ್ಚಿನ ದೊಡ್ಡವ್ವ ಮತ್ತೆ ಜೀವ ತಾಳಿ ಬಂದಿದ್ದಾಳೆ! ಕುಶಾಲನಗರದ ಟೆಂಟಿನಲ್ಲಿ ಭಾನುವಾರ ಎರಡು ಆಟ! ಮದರಾಸಿನ ಭಾರೀ ಕಂಪನಿಯ ಭಾರೀ ಚಿತ್ರ!”

ಜೀಪು ಹಾರಿಸಿಹೋದ ಗುಲಾಬಿ ಕಾಗದದಲ್ಲಿ, ಕುದುರೆಯ ಮೇಲೆ, ಕೈಯಲ್ಲಿ ಕತ್ತಿ ಹಿಡಿದು, ತುಟಿಗೆ ಬಣ್ಣ ಹಚ್ಚಿದ ಇಪ್ಪತ್ತೆರಡರ ಹೆಣ್ಣೊಂದು ಕೂತಿತ್ತು. ಮುದುಕಿ ಎನ್ನಿಸಲು ಮುಂದಲೆಯಲ್ಲಿ ಸುಣ್ಣದಿಂದ ಎಳೆದಂಥ ಎರಡು ಬಿಳಿಗೆರೆ.

ಪಟೇಲ ಮಹದೇವಪ್ಪನವರು ಕಾಗದ ಹಿಡಿದು ಗದ್ದುಗೆಯ ಹತ್ತಿರವೇ ಬಂದು ನಿಂತರು. ಹೊಂಗೆಮರದ ಜಾಗ ಒಕ್ಕಲು ಕಣಕ್ಕೆ ಹೇಳಿ ಮಾಡಿಸಿದ್ದು ಎಂದು ಅವರ ಕಣ್ಣು ಮೊದಲಿಂದಲೂ ಅದರ ಮೇಲೆ.

“ಏನ್ಲಾ ಕಲ್ಲೇಶ, ಬದುಕಿರೋರ್ನ ಹೂತಿದ್ದೀಯಲ್ಲೋ!”

“ಇದು ಯಾರೋ ಬೇರೆ ಹುಡುಗಿ, ಪಟೇಲ್ರೇ. ದೊಡ್ಡವ್ವಂಗೆ ಮಂಡಿನೋವು. ಕುದುರೆ ಹತ್ತೋದುಂಟಾ?”

“ನೀನು ಅವಳ ಮಂಡಿ ನೋಡಿದ್ದೆಯಾ?”

ನೋಡಿರಲಿಲ್ಲ. ಯಾರೂ ಮಂಡಿಯನ್ನೂ ನೋಡಿರಲಿಲ್ಲ, ಮುಖವನ್ನೂ ನೋಡಿರಲಿಲ್ಲ. ಐದು ವರ್ಷವೂ ಬರಿಯ ಕಿವಿಯದೇ ಬಳಕೆ. ಅಯ್ನೋರು ಗಡ್ಡ ನೀವಿಕೊಂಡು ತೀರ್ಪು ಕೊಟ್ಟರು: “ಊರೆಲ್ಲ ಆಟಕ್ಕೆ ಹೋಗ್ಲಿ. ಆದ್ರೆ ಎಲ್ಲಾರೂ ಕಣ್ಮುಚ್ಕೊಂಡು ಕೂರ್ಬೇಕು. ಕಣ್ಣು ಕಂಡಿಲ್ದೋಳ್ನ ಕಣ್ಣು ಹೆಂಗೆ ಗುರ್ತು ಹಿಡೀತದೆ? ಕಿವಿ ಹೇಳ್ಲಿ.”

ಭಾನುವಾರ ಏಳು ಗಾಡಿ ಕಟ್ಟಿಕೊಂಡು ಊರು ಕುಶಾಲನಗರಕ್ಕೆ ಹೋಯಿತು. ಕಪ್ಪು ಬಟ್ಟೆ ಇಳಿಬಿಟ್ಟ ಟೆಂಟಿನಲ್ಲಿ, ನೆಲದ ಮೇಲೆ, ಶಿರಂಗಾಲದವರೆಲ್ಲ ಪೂಜೆಗೆ ಕೂತವರಂತೆ ಕಣ್ಣು ಮುಚ್ಚಿ ಕೂತರು. ಟಿಕೆಟ್ಟು ಹರಿಯುವ ಜಯಪ್ಪ ಗಾಬರಿಯಾದ.

“ಯಾಕಣ್ಣೋ, ಪಿಕ್ಚರ್ ಸರೀಗಿಲ್ವಾ?”

“ಸುಮ್ನಿರಪ್ಪ, ಕೇಳ್ತಾ ಇದೀವಿ,” ಎಂದಳು ಮುದ್ದಿ.

ಕುದುರೆ ಓಡಿತು. ಕತ್ತಿ ಕಣಕಣ ಎಂದಿತು. ಯಾರೋ ಮೂವರು ಹೊಳೆಗೆ ಬಿದ್ದರು. ಇದೇನು, ದೊಡ್ಡವ್ವನ ಜಗಲಿಯಲ್ಲಿ ಹೊಳೆ ಎಲ್ಲಿತ್ತು ಎಂದು ಕಲ್ಲೇಶಪ್ಪನಿಗೆ ಧೈರ್ಯ ಬರತೊಡಗಿತ್ತು. ಆಗ ಗದ್ದಲ ನಿಂತು, ಒಂದು ಸಣ್ಣ ಕೆಮ್ಮು ಕೇಳಿಸಿತು. ಆಮೇಲೆ ದನಿ: “ನೋಡು ತಾಯಿ, ಉರಿಯೋ ಒಲೆಗೆ ಊದಬಾರದು.”

ಅವಳೇ! ಕುಣಿಯುವುದಕ್ಕೆ ಇಪ್ಪತ್ತೆರಡರ ಹುಡುಗಿಯನ್ನು ತಂದ ಕಂಪನಿ ಮಾತಿಗೆ ಮಾತ್ರ ರೇಡಿಯೋದ ಅದೇ ಮುದುಕಿಯನ್ನು ಹಿಡಿದು ತಂದಿತ್ತು. ಏಳು ಗಾಡಿಯ ಜನ ಮುಚ್ಚಿದ ಕಣ್ಣಿನಿಂದಲೇ ನೀರು ಸುರಿಸಿದರು. ಕಲ್ಲೇಶಪ್ಪನೂ ಸುರಿಸಿದ. ಸಂತೋಷ ಯಾವುದು, ಭಯ ಯಾವುದು ಅವನಿಗೆ ತಿಳಿಯಲಿಲ್ಲ. ಅವಳು ಬದುಕಿದ್ದಳು, ಅವನ ಕತೆ ಮುಗಿದಿತ್ತು.

ಆದರೆ ಆಟದ ಕೊನೆಗೆ ಢಂ ಎಂದು ಗುಂಡು ಹಾರಿತು. ಕೆಮ್ಮು ಬಂತು, “ಶಿವಾ” ಎಂಬ ಮಾತು ಬಂತು, ಪಿಟೀಲು ಅತ್ತಿತು. ಕಲ್ಲೇಶಪ್ಪ ಕಣ್ಣು ಬಿಟ್ಟು ಎದ್ದು ನಿಂತ.

“ಸತ್ತಳು! ಬುದ್ಧೀ, ಸತ್ತಳು!” ಎಂದು ಕೈಮುಗಿದ. ಅಯ್ನೋರು ತಲೆದೂಗಿದರು. ಪಟೇಲರ ಮುಖ ಬಾಡಿತು.

ಗಾಡಿ ಹೂಡುವಷ್ಟರಲ್ಲಿ ಸಂಜೆಯ ಆಟಕ್ಕೆ ಗಂಟೆ ಹೊಡೆಯಿತು. ಒಳಗಿಂದ ಕುದುರೆ ಓಡಿದ ಸದ್ದು. ಸಣ್ಣ ಕೆಮ್ಮು. “ನೋಡು ತಾಯಿ...”

ಪಟೇಲರು ಗಾಡಿಯ ಮೂಕಿಯ ಮೇಲೆ ಕೂತು ಹೊಟ್ಟೆ ಹಿಡಿದುಕೊಂಡು ನಕ್ಕರು. “ಎದ್ಲು ನೋಡೋ!”

ಅಯ್ನೋರಿಗೆ ಅಂದು ನಿದ್ದೆ ಬಂದಿರಲಾರದು. ಬೆಳಿಗ್ಗೆ ಎದ್ದವರೇ ಶಾಸನ ಮಾಡಿದರು: “ಬದುಕಿರೋರ ಗದ್ದುಗೆಗೆ ದೀಪ ಹಚ್ಚಿದ್ರೆ ಅವ್ರ ಆಯಸ್ಸು ಉರೀತದೆ. ಆಟ ಮುಗಿದು ಸತ್ತಿರೋ ಹೊತ್ನಲ್ಲಿ ಮಾತ್ರ ದೀಪ ಹಚ್ಚು, ಕಲ್ಲೇಶ. ಆಟ ನಡೀತಿದ್ರೆ ಮುಟ್ಬೇಡ.”

“ಮೂರು ಸೋಮವಾರ ಸಾಲಾಗಿ ದೀಪ ಕಾಣ್ದಿದ್ರೆ ಅದು ಗದ್ದುಗೆ ಅಲ್ಲ, ಮಣ್ಣುಗುಡ್ಡೆ,” ಎಂದು ಪಟೇಲರು ತಮ್ಮದನ್ನು ಸೇರಿಸಿದರು. “ನಾನು ಸಮ ಮಾಡಿಸ್ತೀನಿ.”

ದೀಪ ಹಚ್ಚುವುದು ಹೊತ್ತು ಮುಳುಗುವಾಗ. ಟೆಂಟಿನಲ್ಲಿ ಆಟ ಶುರುವಾಗುವುದೂ ಹೊತ್ತು ಮುಳುಗುವಾಗ. ಕಲ್ಲೇಶಪ್ಪನಿಗೆ ಈ ಉರುಲು ತಿಳಿದದ್ದು ಮೊದಲ ಸೋಮವಾರ, ಕಡ್ಡಿಪೆಟ್ಟಿಗೆ ಕೈಯಲ್ಲಿ ಹಿಡಿದು ನಿಂತಾಗ. ಮಾರನೆಯ ದಿನ ನಡೆದುಕೊಂಡೇ ಕುಶಾಲನಗರಕ್ಕೆ ಹೋದ.

“ಜಯಪ್ಪಣ್ಣ, ಬರೋ ಸೋಮವಾರ ಅರ್ಧ ಗಂಟೆ ತಡವಾಗಿ ಬಿಡಪ್ಪ ಆಟ. ಅಷ್ಟೊತ್ತು ಅವಳು ಸತ್ತಿರ್ಲಿ.”

ಜಯಪ್ಪ ಬೀಡಿ ಕೆಳಗಿಟ್ಟ. “ನಾನೇನೋ ಬಿಡ್ತೀನಿ. ಆದ್ರೆ ಬರೋ ವಾರ ಪಿಕ್ಚರು ಪಿರಿಯಾಪಟ್ಟಣಕ್ಕೆ ಹೋಗ್ತದಲ್ಲ. ಇನ್ನೊಂದು ಕಾಪಿ ಅರಕಲಗೂಡಲ್ಲಿದೆ. ಮೈಸೂರಲ್ಲಿ ಎರಡು ಕಡೆ. ದಾವಣಗೆರೆ ಕಡೆ ಎಷ್ಟಿದಾವೋ ಶಿವನೇ ಬಲ್ಲ.”

“ಒಟ್ಗೆ ಎಲ್ಲಾ ಕಡೆ ಯಾವಾಗ ಸತ್ತಿರ್ತಾಳೆ?”

“ಸಂಜೆ ಹೊತ್ತಾ? ಇಲ್ಲ ಕಣಣ್ಣ. ಸಂಜೆ ಹೊತ್ತು ರಾಜ್ಯದಲ್ಲೆಲ್ಲ ಬದುಕಿರ್ತಾಳೆ.”

ಎರಡನೆಯ ಸೋಮವಾರವೂ ಗದ್ದುಗೆ ಕತ್ತಲಲ್ಲಿ ಉಳಿಯಿತು. ಆ ವಾರದ ಮದುವೆಯೊಂದರಲ್ಲಿ ಎಲೆ ಹಾಕುತ್ತ ಬಂದ ಪಟೇಲರ ಆಳು ನಿಂಗ ಕಲ್ಲೇಶಪ್ಪನ ಮುಂದೆ ಬಂದು ಕೈ ಖಾಲಿ ತೋರಿಸಿದ. ಕಲ್ಲೇಶಪ್ಪ ಎದ್ದು ಮನೆಗೆ ಬಂದು, ತಣ್ಣಗಿನ ಮುದ್ದೆ ಮುರಿದ. ಹೆಂಡತಿ ವಿಮಲಮ್ಮ ನೋಡಿದಳು. ಅವಳು ಹೆಚ್ಚು ಮಾತಿನವಳಲ್ಲ. ದೊಡ್ಡವ್ವನ ಮಾತು ಕೇಳುವಾಗಲೂ ಅಕ್ಕಿಯ ಕಲ್ಲು ಆರಿಸುತ್ತ ಕೇಳಿದವಳು.

ಮೂರನೆಯ ಸೋಮವಾರ ಪಟೇಲರು ಹೊಂಗೆಮರದ ಕೆಳಗೆ ಮೊದಲೇ ಬಂದು ನಿಂತಿದ್ದರು. ನಿಂಗನ ಹೆಗಲ ಮೇಲೆ ಗುದ್ದಲಿ. ಅಯ್ನೋರು, ಮುದ್ದಿ, ಊರಿನ ಅರ್ಧ. ಊರಿನಾಚೆ ಸೂರ್ಯ ಇಳಿಯುತ್ತಿದ್ದ. ಪಿರಿಯಾಪಟ್ಟಣದಲ್ಲಿ ಈಗ ಗಂಟೆ ಹೊಡೆದಿರಬೇಕು, ಕುದುರೆ ಓಡುತ್ತಿರಬೇಕು. ಕಲ್ಲೇಶಪ್ಪ ಕಡ್ಡಿಪೆಟ್ಟಿಗೆಯನ್ನು ತೆಗೆಯುತ್ತ ಮುಚ್ಚುತ್ತ ನಿಂತಿದ್ದ.

ವಿಮಲಮ್ಮ ಸೆರಗಿನ ಮರೆಯಲ್ಲಿ ಉರಿಯುವ ಹಣತೆಯನ್ನೇ ಹಿಡಿದು ಬಂದಳು. ಯಾರನ್ನೂ ಕೇಳದೆ ಗದ್ದುಗೆಯ ಮೇಲೆ ಇಟ್ಟಳು.

“ಅಯ್ಯೋ, ಅವಳ ಆಯಸ್ಸು!” ಎಂದರು ಅಯ್ನೋರು.

“ಬುದ್ಧೀ, ನಮ್ಮನೆ ನಡುಮನೇಲೂ ಈಗ್ತಾನೆ ದೀಪ ಹಚ್ಚಿಟ್ಟು ಬಂದೆ. ನಿಮ್ಮನೇಲೂ ಹಚ್ಚಿರ್ತಾರೆ. ಅಲ್ಲೆಲ್ಲ ಸತ್ತೋರು ಯಾರು?”

“ಅದು ಮನೆ, ತಾಯಿ. ಇದು ಗದ್ದುಗೆ.”

“ಬದುಕಿರೋಳು ಇರೋ ಜಾಗಕ್ಕೆ ಮನೆ ಅನ್ನದೆ ಇನ್ನೇನು ಅಂತಾರೆ?”

ಅಯ್ನೋರು ಗಡ್ಡ ನೀವಿಕೊಂಡರು. ಎರಡು ಸಲ ನೀವಿಕೊಂಡರು. “ಮನೆಯಾದ್ರೆ ದೀಪ ಹಚ್ಬೋದು,” ಎಂದರು. ನಿಂಗ ಗುದ್ದಲಿಯನ್ನು ಮೆಲ್ಲಗೆ ನೆಲಕ್ಕೆ ಇಳಿಸಿದ. ದೀಪ ಉರಿಯುವ ಮನೆಯನ್ನು ಕೆಡವುವ ಕೈ ಅವನದಲ್ಲ.

“ಆಯ್ತಮ್ಮ, ಮನೆ ಅಂತ್ಲೇ ಇಟ್ಕೋ,” ಎಂದರು ಪಟೇಲರು, ಇನ್ನೂ ಸೋಲೊಪ್ಪದೆ. “ಮನೆ ಅಂದ್ರೆ ಬಾಗಿಲೆಲ್ಲಿ?”

ಇದು ನ್ಯಾಯವಾದ ಮಾತು ಎಂದು ಎಲ್ಲರಿಗೂ ತೋರಿತು. ಕಲ್ಲೇಶಪ್ಪ ಓಡಿದ. ಹಿತ್ತಲಿನ ಕೋಳಿಗೂಡಿನ ಹಲಗೆ ಕಿತ್ತು, ಕೋಳಿಗಳು ಕೊಕ್ಕೊಕ್ಕೋ ಎಂದು ಬೆನ್ನಟ್ಟಿದರೂ ತಿರುಗಿ ನೋಡದೆ, ಅದನ್ನು ಹೊತ್ತು ತಂದ. ಗದ್ದುಗೆಯ ಮೂಡಲ ಮಗ್ಗುಲಿಗೆ, ಒಂದು ಗೇಣು ಅಗಲ, ಒಂದೂವರೆ ಗೇಣು ಎತ್ತರ, ಬಾಗಿಲು ನಿಂತಿತು.

ಚಿಲಕ ಒಳಗಡೆಗೋ ಹೊರಗಡೆಗೋ ಎಂದು ಸ್ವಲ್ಪ ಹೊತ್ತು ಚರ್ಚೆಯಾಯಿತು. ರಾಜ್ಯವೆಲ್ಲ ಸುತ್ತಿ ದಣಿದು ಬರುವವಳು, ಚಿಲಕವೇ ಬೇಡ, ಬಾಗಿಲನ್ನು ಸುಮ್ಮನೆ ಮುಂದೆ ಎಳೆದಿಟ್ಟರೆ ಸಾಕು ಎಂದಳು ಮುದ್ದಿ. ಹಾಗೇ ಆಯಿತು.