ಕಾಗದದ ಜೋಳ

ಚಪಳಗಾಂವದ ಕನ್ನಡ ವಾಚನಾಲಯದ ಪುಸ್ತಕಗಳನ್ನು ಬಯಲಿಗೆ ಚೆಲ್ಲಿದ್ದಾರೆಂದು ಅವ್ವ ಫೋನಿನಲ್ಲಿ ಹೇಳಿದ ಮರುದಿನವೇ ರೂಪಾಲಿ ಸೊಲ್ಲಾಪುರದಿಂದ ತವರಿಗೆ ಹೊರಟಳು. ಸೊಲ್ಲಾಪುರದ ಶಾಲೆಯೊಂದರಲ್ಲಿ ಅವಳು ಚಿತ್ರಕಲೆ ಕಲಿಸುತ್ತಿದ್ದಳು. ಹೋಗಿ ನೋಡಿದರೆ, ಹುಣಸೆ ಮರದ ಕೆಳಗೆ ಪುಸ್ತಕಗಳ ಗುಡ್ಡೆ. ಅದರ ಮೇಲೆ ನಿಂತ ಆಡೊಂದು ರಟ್ಟಿನ ಅಂಟು ನೆಕ್ಕುತ್ತಿತ್ತು.

ವಾಚನಾಲಯದ ಅಧ್ಯಕ್ಷ ಬೇರೆ ಯಾರೂ ಅಲ್ಲ, ಅವಳ ಅಪ್ಪನ ತಮ್ಮ, ಸ್ವಂತ ಕಾಕಾ ರಾಚಪ್ಪ. ವರ್ಷಗಟ್ಟಲೆ ಬೀಗ ಜಡಿದಿದ್ದ ಕೋಣೆಯನ್ನು ಈಗ ವ್ಯಾಯಾಮಶಾಲೆ ಮಾಡಲು ಹೊರಟಿದ್ದ.

"ಓದೋವ್ರು ಯಾರ ಅದಾರವ್ವಾ? ಮರಾಠಿ ಸಾಲಿಗೆ ಹೋಗೂ ನಮ್ಮ ಮನಿ ಹುಡುಗ್ರಿಗೇ ಕನ್ನಡ ಓದಾಕ ಬರಂಗಿಲ್ಲ. ಅರ್ಧಾ ಹುಳಾ ತಿಂದಾವ. ನಾಳಿ ರದ್ದಿಯವ ಬರ್ತಾನ."

"ನಾ ಒಯ್ತೀನಿ ಕಾಕಾ."

"ಒಯ್ಯಿ. ನಮಗ ಜಾಗಾ ಖಾಲಿ ಆದ್ರ ಸಾಕು."

ಗಂಡ ಗುರುಶಾಂತ ಬಟ್ಟೆ ಅಂಗಡಿಯ ಟೆಂಪೋ ಕಳಿಸಿಕೊಟ್ಟ. ಸೊಲ್ಲಾಪುರದ ಬಾಳಿವೇಸ ಓಣಿಯಲ್ಲಿದ್ದ ಅವರ ಮನೆಯ ಪಡಸಾಲೆ ಚೀಲಗಳಿಂದ ತುಂಬಿಹೋಯಿತು. ಅತ್ತೆ ಗಿರಿಜಾಬಾಯಿ ಮೂಗಿಗೆ ಸೆರಗು ಹಿಡಿದು ಒಂದು ಚೀಲ ಬಿಚ್ಚಿದಳು. ದುಧನಿಯ ಕನ್ನಡ ಶಾಲೆಯಲ್ಲಿ ಓದಿದವಳು ಆಕೆ. ಸೊಸೆಯ ಕೈಯಲ್ಲಿ ಕತ್ತರಿ ಕಂಡದ್ದೇ ತಡ, ಆಕೆಯ ಕಣ್ಣು ಕೆಂಪಾದವು.

"ಅಕ್ಷರಕ್ಕ ಕತ್ರಿ ಹಾಕ್ತೀ? ಏನ ಮಾಡಾಕ?"

"ಜೋಳಾ ಬೆಳಿತೀನ್ರಿ ಅತ್ತಿ. ಕಾಗದದ ಜೋಳ. ದಂಟು, ಗರಿ, ತೆನಿ, ಎಲ್ಲಾ ಇದರಾಗ."

"ಹಂಗಾರ ನಾ ಆರಿಸಿ ಕೊಟ್ಟದ್ದಷ್ಟೇ ಕೊಯ್ಯಬೇಕು."

ಅಂದಿನಿಂದ ಅತ್ತೆ ಆರಿಸಿದಳು, ಸೊಸೆ ಕೊಯ್ದಳು. ಮೊದಲಿನಿಂದ ಕೊನೆಯವರೆಗೆ ಓದಲು ಬರುವ ಪುಸ್ತಕ ಕಪಾಟಿಗೆ, ಗೆದ್ದಲು ಹಿಡಿದದ್ದು ಕತ್ತರಿಗೆ. ರೂಪಾಲಿ ಹಾಳೆಗಳನ್ನು ಕೊಳವೆಯಂತೆ ಸುತ್ತಿ ದಂಟು ಮಾಡಿದಳು, ಸಾಲುಗಳು ತುಂಡಾಗದಂತೆ ಉದ್ದುದ್ದ ಸೀಳಿ ಗರಿ ಮಾಡಿದಳು. ಪುಡಿಯಾದ ಕಾಗದವನ್ನು ನೆನೆಸಿ, ರುಬ್ಬಿ, ಗುಳಿಗೆ ಕಟ್ಟಿ ತೆನೆಗೆ ಅಂಟಿಸಿದಳು. ದಂಟು, ಗರಿಗಳ ಮೇಲಿನ ಅಕ್ಷರ ಮಾತ್ರ ಎಲ್ಲಿಯೂ ಮುಚ್ಚಿಹೋಗದಂತೆ ನೋಡಿಕೊಂಡಳು. ವಾಚನಾಲಯದ ಹೆಸರೊತ್ತಿದ ದುಂಡು ಶಿಕ್ಕಾ ಬಿದ್ದ ಹಾಳೆಗಳು ಸಿಕ್ಕರೆ ಅವನ್ನು ಹೊರಮೈಗೇ ಹಚ್ಚಿದಳು.

ದೀಪಾವಳಿ ಕಳೆದ ಮೇಲೆ ಅವಳ ತವರಿನ ತಾಲೂಕು ಅಕ್ಕಲಕೋಟದ ಸಭಾಗೃಹವೊಂದರಲ್ಲಿ ತಾಲೂಕಿನ ಕಲಾವಿದರ ಪ್ರದರ್ಶನ, ಸ್ಪರ್ಧೆ ಏರ್ಪಟ್ಟವು. ಕಾಗದದ ಹೊಲಕ್ಕೆ ನಟ್ಟನಡುವೆ ಜಾಗ ಸಿಕ್ಕಿತು. ಅತ್ತೆ, ಗಂಡ ಇಬ್ಬರೂ ಜೊತೆಗೆ ಬಂದಿದ್ದರು. ಉದ್ಘಾಟನೆಗೆ ಬಂದ ಅತಿಥಿ ರಾಚಪ್ಪ! ಪುಸ್ತಕವೆಂದರೆ ಸಾಕ್ಷಾತ್ ಸರಸ್ವತಿ ಎಂದು ಭಾಷಣ ಬಿಗಿದು, ಹಾರ ಹಾಕಿಸಿಕೊಂಡು ಕೆಳಗಿಳಿದ. ಜೋಳದ ಹತ್ತಿರ ಬಂದವನು ಗರಿಯ ಮೇಲಿನ ಶಿಕ್ಕಾ ಓದಿ ಕೆಂಡವಾದ.

"ಊರ ಮರ್ಯಾದಿ ತೆಗಿಯಾಕ ಹೊಂಟಿಯೇನು? ಪುಸ್ತಕಾ ಕೊಯ್ದು ಆಟಾ ಆಡ್ತೀ?"

"ಓದಾಕ ಬರೋವು ಒಂದೂ ಕೊಯ್ದಿಲ್ಲ ಕಾಕಾ. ನೀವು ಬಯಲಿಗೆ ಹಾಕಿದ್ದನ್ನ ನಾ ಎತ್ತಿ ನಿಲ್ಲಿಸೀನಿ."

ಸಂಘಟಕ ನಿಲೇಶ ಓಡಿಬಂದು ಅವಳನ್ನು ಬದಿಗೆ ಕರೆದ. "ತಾಯೀ, ಜರಾ ಸಮಜೂನ ಘ್ಯಾ, ಸ್ವಲ್ಪ ತಿಳಕೊಳ್ರಿ. ಶಿಕ್ಕಾ ಇದ್ದ ಗರಿ ಅಷ್ಟೇ ತೆಗೀರಿ. ಮೊದಲನೇ ಬಹುಮಾನ ನಿಮ್ಮದೇ ಐತಿ."

ರೂಪಾಲಿಗೆ ಬಹುಮಾನ ಬೇಡವೆಂದಲ್ಲ, ಬೇಕಿತ್ತು, ತುಂಬಾ ಬೇಕಿತ್ತು. ಆದರೆ ಗರಿಯತ್ತ ಕೈ ಏಳಲಿಲ್ಲ.

"ಗರಿ ತೆಗಿಯಂಗಿಲ್ಲ. ಬೇಕಾದ್ರ ಹೊಲಾನೇ ಎತ್ತಿಕೊಂಡು ಹೋಗ್ತೀನಿ."

ಅಂದವಳೇ ಜೋಳ ನಿಲ್ಲಿಸಿದ್ದ ಹಲಗೆಯೊಂದರ ಅಂಚಿಗೆ ಕೈ ಹಾಕಿದಳು. ಇನ್ನೊಂದು ತುದಿ ತಾನಾಗಿಯೇ ಮೇಲೆದ್ದಿತು. ನೋಡಿದರೆ ಅಲ್ಲಿ ಗಿರಿಜಾಬಾಯಿ, ಸೆರಗು ಸೊಂಟಕ್ಕೆ ಬಿಗಿದು ನಿಂತಿದ್ದಾಳೆ. "ನಡಿ," ಎಂದಳು. ಗುರುಶಾಂತ ಉಳಿದ ಹಲಗೆಗಳನ್ನು ಹೊತ್ತ. ಬಾಗಿಲ ಹೊರಗೆ, ರಸ್ತೆ ಬದಿಯ ಬೇವಿನ ಕೆಳಗೆ ಮೂವರೂ ಸೇರಿ ಹೊಲವನ್ನು ಮತ್ತೆ ನಿಲ್ಲಿಸಿದರು.

ಅಂದು ಸಂತೆಯ ದಿನ. ಗಾಳಿಗೆ ಕಾಗದದ ಗರಿಗಳು ಹೊಲದಲ್ಲಿ ಆಡಿದ ಹಾಗೆಯೇ ಸರಸರ ಸದ್ದು ಮಾಡಿದವು. ಮಂದಿ ನಿಂತರು. ಕಾಯಿಪಲ್ಲೆ ಬುಟ್ಟಿ ಇಳಿಸಿದ ಗುರಮ್ಮ ಎಂಬ ಮುದುಕಿ ಒಂದು ಗರಿ ಹಿಡಿದು ಜೋರಾಗಿ ಓದತೊಡಗಿದಳು. ಗಂಡನ ಮನೆಯಿಂದ ರಾತ್ರೋರಾತ್ರಿ ಹೊರಬಿದ್ದ ಹೆಣ್ಣೊಬ್ಬಳ ಕತೆ ಅದು. ಅವಳು ಹೊಳೆ ದಂಡೆಗೆ ಬರುವಷ್ಟರಲ್ಲಿ ಗರಿ ಮುಗಿಯಿತು.

"ಮುಂದ ಏನಾತು?" ಗುರಮ್ಮ ಕೇಳಿದಳು.

"ಮುಂದಿನ ಹಾಳಿ ಹುಳಾ ತಿಂದಾವ, ಆಯಿ."

"ಅಯ್ಯ! ತಿನ್ನೂತನಕ ಯಾರೂ ನೋಡ್ಲೇ ಇಲ್ಲೇನು?"

ಅದೇ ಹೊತ್ತಿಗೆ ರಾಚಪ್ಪ ಕಾರಿನ ಕಡೆ ಹೊರಟಿದ್ದ. ರೂಪಾಲಿ ದನಿ ತಗ್ಗಿಸಲಿಲ್ಲ.

"ಕಾಕಾ, ಆಯಿ ಕೇಳಾಕತ್ತಾಳ. ವಾಚನಾಲಯದ ಕೋಲಿಗೆ ಬೀಗಾ ಹಾಕಿ ಕೀಲಿ ಯಾರು ಕಿಸೆದಾಗ ಇಟ್ಕೊಂಡಿದ್ರು, ನೀವೇ ಹೇಳ್ರಿ."

ಮಂದಿಯೆಲ್ಲ ಅವನತ್ತ ತಿರುಗಿದರು. ರಾಚಪ್ಪ ಕೊರಳಲ್ಲೇ ಉಳಿದಿದ್ದ ಹಾರವನ್ನು ಕಿತ್ತು ಸೀಟಿಗೆ ಎಸೆದು ಹೊರಟುಹೋದ.

ಬಹುಮಾನ ಬರಲಿಲ್ಲ. ವ್ಯಾಯಾಮಶಾಲೆ ಶುರುವಾಯಿತು. ಕಾಕಾನ ಮಗಳ ಮದುವೆಗೆ ರೂಪಾಲಿಗೆ ಕರೆಯೂ ಇರಲಿಲ್ಲ. ಅದು ಅವಳಿಗೆ ನೋಯದೆ ಇರಲಿಲ್ಲ. ಮದುವೆಯ ದಿನ ಅವಳು ಊಟ ಮಾಡದೆ ಮಲಗಿದಳು. ಆದರೆ ಬಾಳಿವೇಸದ ಪಡಸಾಲೆ ಮಧ್ಯಾಹ್ನಗಳಲ್ಲಿ ತೆರೆದೇ ಇರತೊಡಗಿತು. ಕಪಾಟಿನ ಪುಸ್ತಕ ಓದಲು ಓಣಿಯ ಹೆಂಗಸರು ಬರುತ್ತಿದ್ದರು. ಓದಲು ಬಾರದವರಿಗೆ ಗಿರಿಜಾಬಾಯಿ ಓದಿ ಹೇಳುತ್ತಿದ್ದಳು.

ಸುದ್ದಿ ಚಪಳಗಾಂವಕ್ಕೆ ಮುಟ್ಟಿತು. ಪುಸ್ತಕ ಊರಿನ ಆಸ್ತಿ, ತಿರುಗಿ ಕಳಿಸಬೇಕೆಂದು ರಾಚಪ್ಪ ಫೋನು ಮಾಡಿದ. ರೂಪಾಲಿ ಉತ್ತರಿಸುವ ಮೊದಲೇ ಅತ್ತೆ ಫೋನು ಕಸಿದುಕೊಂಡಳು.

"ಬೀಗರ, ಇಡಾಕ ಕೋಲಿ ಎಲ್ಲೈತಿ ಮೊದಲ ತೋರಸ್ರಿ. ಬಾಗಲಾ ದಿನಾ ತೆರಿತೀವಂತ ಊರ ಮುಂದ ಹೇಳ್ರಿ. ಆಮ್ಯಾಲ ನಾನೇ ಹೊತ್ತು ತರ್ತೀನಿ. ಅಲ್ಲೀತನಾ ಒಂದು ಹಾಳೀನೂ ಕೊಡಂಗಿಲ್ಲ."

ಫೋನು ಸೊಸೆಯ ಕೈಗಿತ್ತು, ಕಾಯುತ್ತಿದ್ದ ಹೆಂಗಸರ ನಡುವೆ ಕುಳಿತು, ಅರ್ಧಕ್ಕೆ ಬಿಟ್ಟಿದ್ದ ಪುಸ್ತಕ ತೆರೆದು ಕನ್ನಡಕ ಏರಿಸಿದಳು. "ಎಲ್ಲಿಗೆ ಬಂದಿದ್ವಿ?" ಎಂದಳು.