ಹಡಗು ಹೊರಟ ದಿನದ ಅಂಗಿ

ನನ್ನ ತಂಗಿ ರೋಡಾ ಕವಿ. ಐದು ಕವನ ಸಂಕಲನ ತಂದವಳು ಅರವತ್ತಕ್ಕೆ ಆತ್ಮಕಥೆಗೆ ಕೈಹಾಕಿದಳು. ಅಚ್ಚಿಗೆ ಹೋಗುವ ಮೊದಲು ಕರಡನ್ನು ನನ್ನ ಅಡುಗೆಮನೆಯ ಮೇಜಿನ ಮೇಲಿಟ್ಟು, ಡೋರೀನ್, ತಪ್ಪಿದ್ದರೆ ಹೇಳು, ಸೋಮವಾರ ಕೊಟ್ಟುಬಿಡಬೇಕು ಎಂದಳು. ಕವಿಗಳ ಜಾತಿಯೇ ಹಾಗೆ. ಮನೆಯವರ ಕರುಳು ಬಗೆದು ಹರವಿಟ್ಟು, ಆಮೇಲೆ ಕಾಗುಣಿತ ನೋಡು ಅನ್ನುತ್ತಾರೆ. ಚಹಾ ಮಾಡಿಕೊಟ್ಟು ಓದತೊಡಗಿದೆ.

ನಲವತ್ತೊಂದನೇ ಪುಟದಲ್ಲಿ ಆ ದಿನವಿತ್ತು.

ಇಂಗ್ಲೆಂಡಿನ ಹಲ್ ಊರಿನ ನಮ್ಮ ಮೀನುಗಾರರ ಬೀದಿಯಲ್ಲಿ ಗಂಡಸರು ಹಡಗು ಹತ್ತಿದ ದಿನ ಯಾರೂ ಬಟ್ಟೆ ಒಗೆಯುತ್ತಿರಲಿಲ್ಲ. ಒಗೆದರೆ ಹೋದವನನ್ನೇ ತೊಳೆದು ಕಳೆದ ಹಾಗೆ. ಅಪ್ಪ ಐಸ್‌ಲ್ಯಾಂಡ್ ಕಡೆ ಹೊರಟ ದಿನ ನಮ್ಮ ಹಿತ್ತಲ ಹಗ್ಗದ ಮೇಲೆ ಬಿಳಿ ಅಂಗಿಯೊಂದು ತೂಗಾಡುತ್ತಿದ್ದುದನ್ನು ಬೀದಿಯೆಲ್ಲ ಕಂಡಿತು. ಮೂರನೇ ವಾರ ಹಡಗು ತನ್ನ ಮೇಲೆ ಹೆಪ್ಪುಗಟ್ಟಿದ ಹಿಮದ ಭಾರಕ್ಕೆ ಮಗುಚಿತು. ಒಂದು ಹೆಣವೂ ಸಿಗಲಿಲ್ಲ. ಒಗೆದವಳು ಅಮ್ಮ ಎಂದು ರೋಡಾ ಬರೆದಿದ್ದಳು. ಬೀದಿಯೂ ಹಾಗೇ ನಂಬಿತ್ತು. ಅದೇ ಹಡಗಿನಲ್ಲಿ ಗಂಡನನ್ನು ಕಳೆದುಕೊಂಡ ಪಕ್ಕದ ಮನೆಯ ಎಡ್ನಾ ಸಾಯುವವರೆಗೂ ಅಮ್ಮನ ಮುಖ ನೋಡಲಿಲ್ಲ.

ಒಗೆದವಳು ನಾನು. ಮರುದಿನ ಶಾಲೆಯಲ್ಲಿ ಹಾಡಬೇಕಿತ್ತು, ನನ್ನ ಅಂಗಿಯ ಮೇಲೆ ಶಾಯಿ ಚೆಲ್ಲಿತ್ತು. ಕೆಲಸದಿಂದ ಬಂದ ಅಮ್ಮ ಅದನ್ನು ಹಗ್ಗದಿಂದ ಎಳೆದುಕೊಂಡು ಒಳಗೆ ಹೋದಳು. ಬೈಯಲಿಲ್ಲ. ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ. ಐವತ್ತು ವರ್ಷ ದಾಟಿದರೂ ಖಾಲಿ ಹಗ್ಗದ ಮೇಲೆ ಒದ್ದೆ ಬಟ್ಟೆ ಪಟಪಟ ಬಡಿಯುವುದು ನನಗೆ ಕೇಳುತ್ತದೆ. ಎದ್ದು ಹೋಗಿ ನೋಡುತ್ತೇನೆ. ಏನೂ ಇರುವುದಿಲ್ಲ.

ಸುಮ್ಮನಿದ್ದರೆ ಅಮ್ಮನ ಮೇಲಿನ ಆ ಅಪವಾದ ಅಚ್ಚಾಗಿ ಉಳಿದುಬಿಡುತ್ತದೆ. ಬಾಯಿಬಿಟ್ಟರೆ, ಈಗಲೂ ನನ್ನ ಪಕ್ಕದಲ್ಲೇ ಇರುವ ಎಡ್ನಾಳ ಮಕ್ಕಳು ನಾಳೆಯಿಂದ ನನ್ನ ಮುಖ ನೋಡುವುದಿಲ್ಲ. ಭಯವಾಯಿತು, ಸುಳ್ಳೇಕೆ ಹೇಳಲಿ.

"ಇದು ತಪ್ಪು ಕಣೇ," ಅಂದೆ. "ಆ ಅಂಗಿ ಒಗ್ದಿದ್ದು ನಾನು."

ರೋಡಾ ಬೆಚ್ಚಲಿಲ್ಲ. "ಗೊತ್ತು. ಕಿಟಕೀಲಿ ನಿಂತು ನೋಡ್ತಿದ್ದೆ."

"ಮತ್ಯಾಕೆ ಹೀಗೆ ಬರ್ದೆ?"

"ಕೊನೇ ದಿನಗಳಲ್ಲಿ ಆಸ್ಪತ್ರೇಲಿ ಅಮ್ಮ ಕೈ ಹಿಡ್ಕೊಂಡು ಹೇಳಿದ್ಲು. ಯಾವತ್ತಾದ್ರೂ ಬರೆದ್ರೆ ನನ್ನ ಹೆಸರೇ ಹಾಕು, ಡೋರೀನ್ ಇನ್ನೂ ಆ ಬೀದೀಲೇ ಬಾಳ್ಬೇಕು ಅಂತ."

ಅಮ್ಮನ ಹತ್ತಿರ ನಾನು ಒಂದು ಸಲವೂ ಕ್ಷಮೆ ಕೇಳಿರಲಿಲ್ಲ. ರೋಡಾಳ ಪೆನ್ನು ತೆಗೆದುಕೊಂಡು, 'ಅಮ್ಮ' ಎಂದಿದ್ದುದನ್ನು ಹೊಡೆದುಹಾಕಿ, ಪಕ್ಕದಲ್ಲಿ ನನ್ನ ಹೆಸರು ಬರೆದೆ.

ರೋಡಾ ಹಾಳೆಯನ್ನು ತನ್ನ ಕಡೆ ತಿರುಗಿಸಿಕೊಂಡು ಓದಿದಳು.

"ಆಗಿನ ವಯಸ್ಸೂ ಹಾಕು," ಅಂದಳು.

ಹದಿಮೂರು ಎಂದು ಬರೆದೆ.